ಶಂಕರಪುರದ ಅಂಗಳದಲ್ಲಿ ಒಂದು ಬುಟ್ಟಿ

ಉಡುಪಿ ಜಿಲ್ಲೆಯ ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಸಿಗುವ ಶಂಕರಪುರದ ಒಂದು ಮನೆಯಂಗಳವನ್ನು ನೀವೀಗ ನೋಡುತ್ತಿದ್ದೀರಿ. ಅರಳುವ ಮೊದಲೇ ಕೊಯ್ದು ತಂದ ಮಲ್ಲಿಗೆ ಮೊಗ್ಗುಗಳನ್ನು ಬಾಯಮ್ಮ ಒದ್ದೆ ಬಾಳೆನಾರಿನಲ್ಲಿ ಕಟ್ಟುತ್ತಿದ್ದಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನನ್ನೊಡನೆ ತುಳುವಿನಲ್ಲಿ, ಒಳಗಿರುವ ಸೊಸೆಯೊಡನೆ ಕೊಂಕಣಿಯಲ್ಲಿ ಮಾತನಾಡುತ್ತಿದ್ದರೂ ಅವರ ಬೆರಳುಗಳಿಗೆ ಲೆಕ್ಕ ತಪ್ಪುವುದಿಲ್ಲ.

ಇಲ್ಲಿನ ಕ್ರೈಸ್ತ ಕುಟುಂಬಗಳ ಹಿರಿಯರು ಯುದ್ಧ, ಬರಗಾಲ ಮತ್ತು ಪೋರ್ಚುಗೀಸರ ಧರ್ಮವಿಚಾರಣೆಯ ಭಯದಿಂದ ಗೋವಾ ಬಿಟ್ಟು ಬಂದವರು. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. 1799ರಲ್ಲಿ ಟಿಪ್ಪು ಮಡಿದ ನಂತರ ಬದುಕಿ ಮರಳಿದವರು ಬೇಸಾಯವನ್ನು ಮತ್ತೆ ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು. ಮೇರಿ ಮಾತೆಯ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿಗೆ ಬೆರೆಸಿ ಎಲ್ಲರೂ ಹಂಚಿಕೊಂಡು ಕುಡಿಯುತ್ತಾರೆ. ನಮ್ಮ ತುಳು ಮನೆಗಳಲ್ಲಿಯೂ ಹೊಸ ತೆನೆಯನ್ನು ಒಳತಂದು ಕಟ್ಟದೆ ಹೊಸ ಅಕ್ಕಿಯ ಊಟವಿಲ್ಲ.

ಆದರೆ ಇಂದು ನಾನು ತೋರಿಸಲು ಬಂದದ್ದು ಬಾಯಮ್ಮನ ಮಗ್ಗುಲಲ್ಲಿರುವ ಆ ಬುಟ್ಟಿಯನ್ನು. ಕಾಡಿನ ಬಳ್ಳಿಯಿಂದ ಅದನ್ನು ಹೆಣೆದವರು ಕೊರಗರು; ತುಳುನಾಡಿನ ಮೂಲನಿವಾಸಿಗಳು, ತಮ್ಮದೇ ಭಾಷೆಯುಳ್ಳವರು. ಕಂಬಳದ ಹಿಂದಿನ ರಾತ್ರಿ ಮಂಜಿನಲ್ಲಿ ಕುಳಿತು ಡೋಲು ಬಾರಿಸುವ ಕೆಲಸವನ್ನು ಅವರ ಮೇಲೆ ಹೊರಿಸಿದ್ದ ಇದೇ ಸಮಾಜ, ರೋಗಿಯ ಕೂದಲು, ಉಗುರು ಬೆರೆಸಿದ ಅನ್ನವನ್ನೂ ಅವರಿಗೆ ತಿನ್ನಿಸುತ್ತಿತ್ತು. ಈ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದದ್ದು 2000ದಲ್ಲಿ. ನನ್ನ ಅಜ್ಜಿಮನೆಯಲ್ಲಿಯೂ ಇಂಥ ಬುಟ್ಟಿಗಳಿದ್ದವು. ಹೆಣೆದವರ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಮಧ್ಯಾಹ್ನ ಬಾಯಮ್ಮನೇ ದಾರಿ ಹೇಳಿ ನನ್ನನ್ನು ಆ ಬುಟ್ಟಿ ಹೆಣೆದ ಕೊರಗ ಹಿರಿಯರ ಮನೆಗೆ ಕಳುಹಿಸಿದರು. ಅವರು ಬಳ್ಳಿಯ ಸಿಪ್ಪೆ ಹೆರೆದು, ಕತ್ತಿಯಿಂದ ಉದ್ದಕ್ಕೆ ಸೀಳಿ, ಅಡ್ಡಡ್ಡ ಇಟ್ಟ ಬಳ್ಳಿಗಳನ್ನು ಕಾಲ್ಬೆರಳಿನಿಂದ ಒತ್ತಿ ಹಿಡಿದು ಬುಡವನ್ನು ಹೆಣೆಯತೊಡಗಿದರು. ಬುಡ ಬಿಗಿಯಾಗಿ ಬಂದರೆ ಮಾತ್ರ ಬುಟ್ಟಿ ಭಾರ ತಡೆಯುತ್ತದೆ ಎಂದು ವಿವರಿಸಿದ ಅವರು, ನಾನು ಬಾಯಮ್ಮನ ಮನೆಯಿಂದ ಬಂದದ್ದೆಂದು ತಿಳಿದಾಗ ಮೊದಲು ಕೇಳಿದ್ದು, "ಅಲ್ಲಿಯ ಬುಟ್ಟಿಯ ಬುಡ ಇನ್ನೂ ಗಟ್ಟಿ ಉಂಟಾ?" ಎಂದು.