ಎರಡರಲ್ಲೇ ಡಬಲ್ ಹೇಳಿ

ನಮಸ್ಕಾರ ಕೇಳುಗರೇ. ಇವತ್ತು ನನ್ನ ಮಾತು ಬ್ರಿಜ್ ಎಂಬ ಎಲೆಯಾಟ ಆಡುವವರಿಗೆ. ಮುಂಬೈ ಸುತ್ತಿನ ಮಾಟುಂಗ, ಥಾಣೆ, ಡೊಂಬಿವಲಿ ಕಡೆ ಸಂಜೆ ನಾಲ್ಕು ಜನ ಕನ್ನಡದವರು ಸೇರಿದರೆ ಎಲೆ ಹೊರಗೆ ಬರುವ ಮನೆಗಳು ಇನ್ನೂ ಇವೆ. ಅಂಥ ಟೇಬಲ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಒಂದೇ. ಎದುರಾಳಿ ಎರಡು ಡೈಮಂಡ್ (ಡೈಮಂಡ್ ತುರುಫಾಗಿ ಎಂಟು ಟ್ರಿಕ್ ಗೆಲ್ಲುತ್ತೇವೆ) ಅಂದು ಸಿಕ್ಕಿಬಿದ್ದಿರುತ್ತಾರೆ, ನಮ್ಮವರ ಕೈಯಲ್ಲಿ ಅದೇ ಡೈಮಂಡ್ ಐದು ಎಲೆ ಇರುತ್ತವೆ, ಆದರೂ ಅವರನ್ನು ಬಿಟ್ಟು ತಾವೇ ಎರಡು ನೋ ಟ್ರಂಪ್‌ಗೆ (ತುರುಫಿಲ್ಲದ ಆಟಕ್ಕೆ) ಹೋಗಿ ಒದ್ದಾಡುತ್ತಾರೆ. ಯಾಕೆ ಡಬಲ್, ಅಂದರೆ ಅವರು ಸೋಲುತ್ತಾರೆ ಅಂತ ಪಣ ಹೆಚ್ಚಿಸುವ ಮಾತು, ಹೇಳಲಿಲ್ಲ ಅಂತ ಕೇಳಿದರೆ, "ಸಾರ್, ಡಬಲ್ ಮಾಡಿ ಅವರು ಆಟ ಮಾಡಿಬಿಟ್ಟರೆ?" ಅನ್ನುತ್ತಾರೆ.

ಸರಿ, ಮಾಡಿಬಿಟ್ಟರೆ ಏನಾಗುತ್ತದೆ, ಲೆಕ್ಕ ಹಾಕೋಣ. ಎರಡು ಆಟಿನ್ ಅಥವಾ ಎರಡು ಇಸ್ಪೀಟ್ ಆದರೆ ಭಯ ನ್ಯಾಯವೇ. ಡಬಲ್ ಇಲ್ಲದೆ 110 ಕೊಡುವ ಕಾಂಟ್ರ್ಯಾಕ್ಟ್, ಡಬಲ್ ಆದಾಗ ಟ್ರಿಕ್ ಲೆಕ್ಕವೇ 120 ಆಗಿ ನೂರು ದಾಟುತ್ತದೆ, ಅಂದರೆ ಗೇಮ್ ಆಗುತ್ತದೆ, ಗೇಮ್ ಬೋನಸ್ ಮತ್ತು ಉಳಿದ ಬೋನಸ್ ಸೇರಿ 470 ಆಗುತ್ತದೆ, ಅವರು ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಇದ್ದರೆ 670. ಆದರೆ ಕಳಾವರ್, ಡೈಮಂಡ್ ಹಾಗಲ್ಲ. ಅಲ್ಲಿ ಎರಡರಲ್ಲಿ ಡಬಲ್ ಆದರೂ 80 ಅಷ್ಟೇ, ಗೇಮ್ ಆಗುವುದಿಲ್ಲ. ಚಿಕ್ಕ ಬೋನಸ್ ಸೇರಿ ಒಟ್ಟು 180. ಡಬಲ್ ಇಲ್ಲದಿದ್ದರೂ 90 ಹೋಗುತ್ತಿತ್ತು, ಅಲ್ವಾ? ಮೇಲೊಂದು ಟ್ರಿಕ್ ಜಾಸ್ತಿ ಮಾಡಿದರೆ ಹೊಡೆತ ದೊಡ್ಡದಾಗುತ್ತದೆ ನಿಜ, ಆದರೆ ಐದು ತುರುಫು ನಿಮ್ಮ ಹತ್ತಿರ ಇರುವಾಗ ಅದು ಅಪರೂಪ.

ಇನ್ನು ಗಳಿಕೆ ನೋಡಿ. ವಲ್ನರಬಲ್ ಇರುವವರು ಡಬಲ್‌ನಲ್ಲಿ ಒಂದು ಸೋತರೆ 200, ಎರಡಕ್ಕೆ 500, ಮೂರಕ್ಕೆ 800. ನಮ್ಮ ಕ್ಲಬ್‌ಗಳಲ್ಲಿ ಜಾಸ್ತಿ ನಡೆಯುವುದು ಪೇರ್ಸ್, ಅಂದರೆ ಅದೇ ಎಲೆಗಳನ್ನು ಬೇರೆ ಬೇರೆ ಟೇಬಲ್ಲಿನ ಜೋಡಿಗಳು ಆಡಿ ಅಂಕ ಹೋಲಿಸುವ ಸ್ಪರ್ಧೆ. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಚಿನ್ನ ಗೆದ್ದದ್ದೂ ಪೇರ್ಸ್‌ನಲ್ಲೇ. ಪೇರ್ಸ್‌ನಲ್ಲಿ ಆ 200 ಅನ್ನುವ ಸಂಖ್ಯೆಗೆ ಬಹಳ ಬೆಲೆ, ಯಾಕೆಂದರೆ ಬೇರೆ ಟೇಬಲ್‌ಗಳಲ್ಲಿ ನಿಮ್ಮ ದಿಕ್ಕಿನವರು ಎರಡರ ಆಟ ಮಾಡಿ 110 ಅಥವಾ 140 ಬರೆದುಕೊಂಡಿರುತ್ತಾರೆ. ಒಂದೇ ಒಂದು ಟ್ರಿಕ್ ಸೋಲಿಸಿ ನೀವು ಅವರೆಲ್ಲರ ಮೇಲೆ ಕೂರುತ್ತೀರಿ.

ಹಾಗಂತ ಸುಮ್ನೆ ಎಲ್ಲದಕ್ಕೂ ಡಬಲ್ ಅಲ್ಲ. ಹೆಚ್ಚಿನವರು ಕೈಯಲ್ಲಿರುವ ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) ಎಣಿಸಿ ತೀರ್ಮಾನ ಮಾಡುತ್ತಾರೆ. ನಾನು ಮೊದಲು ನೋಡುವುದು ಪಾರ್ಟ್ನರ್ ಹೇಳಿದ ಬಣ್ಣದಲ್ಲಿ ನನ್ನ ಹತ್ತಿರ ಎಷ್ಟು ಎಲೆ ಇದೆ ಅಂತ. ಒಂದು ಅಥವಾ ಎರಡು ಇದ್ದರೆ ತುಂಬ ಒಳ್ಳೆಯದು. ಪಾರ್ಟ್ನರ್ ಇಸ್ಪೀಟ್ ಹೇಳಿ ನನ್ನ ಹತ್ತಿರವೂ ನಾಲ್ಕು ಇಸ್ಪೀಟ್ ಇದ್ದರೆ, ಎದುರಾಳಿಗಳ ಕೈಯಲ್ಲಿ ಇಸ್ಪೀಟ್ ಕಡಿಮೆ, ಪಾರ್ಟ್ನರ್‌ನ ಎಕ್ಕ ರಾಜ ತುರುಫಿಗೆ ಬಲಿಯಾಗುತ್ತವೆ. ಹದಿಮೂರು ಪಾಯಿಂಟ್ ಇದ್ದೂ ಡಬಲ್ ಕೈಕೊಡುವುದು ಇಲ್ಲೇ.

ಒಂದು ಕೈ ಹೇಳುತ್ತೇನೆ, ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. ಇಸ್ಪೀಟ್ ಆರು, ಒಂದೇ ಎಲೆ. ಆಟಿನ್ ಎಕ್ಕ, ಎಂಟು, ಐದು, ಎರಡು. ಡೈಮಂಡ್ ರಾಜ, ಗುಲಾಮ, ಹತ್ತು, ಎಂಟು, ನಾಲ್ಕು. ಕಳಾವರ್ ರಾಣಿ, ಏಳು, ಮೂರು. ಪಾರ್ಟ್ನರ್ ಒಂದು ಇಸ್ಪೀಟ್ ಅಂದರು, ನಿಮ್ಮ ಬಲಗಡೆಯವರು ಎರಡು ಡೈಮಂಡ್ ಅಂದರು. ಬರೀ ಹತ್ತು ಪಾಯಿಂಟ್, ಆದರೆ ಇದು ಡಬಲ್‌ಗೆಂದೇ ಬಂದ ಕೈ. ಆ ಎರಡು ಡೈಮಂಡ್ ಆಡುವವರು ನಿಮಗಿಂತ ಮುಂಚೆ ಎಲೆ ಹಾಕಬೇಕು, ನಿಮ್ಮ ಡೈಮಂಡ್ ಅವರ ಬೆನ್ನ ಹಿಂದೆ ಕೂತಿದೆ. ಆ ಹತ್ತು, ಎಂಟನ್ನು ಕಡೆಗಣಿಸಬೇಡಿ, ಟ್ರಿಕ್ ತರುವುದು ಅವೇ.

ಆದರೆ ಈಗ ನೀವು ನೇರವಾಗಿ ಡಬಲ್ ಅನ್ನುವ ಹಾಗಿಲ್ಲ. 1957ರಲ್ಲಿ ಆಲ್ವಿನ್ ರಾತ್ ನೆಗೆಟಿವ್ ಡಬಲ್ ತಂದ ಮೇಲೆ, ಆ ವರ್ಷ ಹಾರಿದ ಸ್ಪುಟ್ನಿಕ್ ಹೆಸರೂ ಅದಕ್ಕೆ ಅಂಟಿಕೊಂಡಿತು, ಇಲ್ಲಿಯ ಡಬಲ್ ಅಂದರೆ ಉಳಿದ ಬಣ್ಣಗಳು ಇವೆ ಅಂತ ಅರ್ಥ. ಹಾಗಾಗಿ ಪಾಸ್ ಹೇಳಿ. ಮುಖ ಬದಲಾಗಬಾರದು, ಅರ್ಧ ನಿಮಿಷ ಯೋಚಿಸಿ ಪಾಸ್ ಹೇಳುವುದೂ ತಪ್ಪು, ಪಾರ್ಟ್ನರ್‌ಗೆ ಸುದ್ದಿ ಕೊಟ್ಟ ಹಾಗಾಗುತ್ತದೆ. ಎಡಗಡೆಯವರೂ ಪಾಸ್ ಅಂದ ಮೇಲೆ ಆಟ ಪಾರ್ಟ್ನರ್ ಕೈಯಲ್ಲಿ. ನನಗೆ ನಿಜವಾಗಿ ಬೇಜಾರಾಗುವುದು ಇಲ್ಲಿ. "ನನ್ನದು ಹನ್ನೆರಡೇ ಪಾಯಿಂಟ್" ಅಂತ ಅವರು ಪಾಸ್ ಮಾಡಿ ಎಲೆ ಮಡಿಸುತ್ತಾರೆ. ನೀವು ಆ ಪಾರ್ಟ್ನರ್ ಜಾಗದಲ್ಲಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಎದುರಾಳಿಯ ಡೈಮಂಡ್‌ನಲ್ಲಿ ನಿಮಗೆ ಒಂದೇ ಎಲೆ ಇದ್ದು, ಪಾರ್ಟ್ನರ್ ಮಾತಾಡಿಲ್ಲ ಅಂದರೆ ಆ ಡೈಮಂಡ್ ಎಲ್ಲಿ ಹೋದವು ಅಂತ ಕೇಳಿಕೊಳ್ಳಿ, ಡಬಲ್ ಹೇಳಿ. ನಿಮ್ಮ ಕೈಯಲ್ಲೇ ಡೈಮಂಡ್ ಮೂರು ನಾಲ್ಕು ಇದ್ದರೆ ಮಾತ್ರ ಸುಮ್ಮನಿರಬಹುದು. ನಿಮ್ಮ ಕೈ ಬರೀ ಎರಡು ಉದ್ದ ಬಣ್ಣವಾಗಿದ್ದು ಎಕ್ಕ ರಾಜ ಕಡಿಮೆ ಇದ್ದರೆ ಎರಡನೆಯ ಬಣ್ಣ ಹೇಳಿ.

ನಾವು ವಲ್ನರಬಲ್, ಅವರು ಅಲ್ಲ, ನಮಗೆ ಗೇಮ್ ಖಚಿತ ಅನ್ನಿಸಿದರೆ ನಾನು ಡಬಲ್ ಬಿಟ್ಟು ಗೇಮ್‌ಗೇ ಹೋಗುತ್ತೇನೆ. ಮೂರು ಸೋಲಿಸಿದರೂ 500, ನಮ್ಮ ಮೂರು ನೋ ಟ್ರಂಪ್ 600.

ಕೊನೆಗೆ ಲೀಡ್, ಅಂದರೆ ಮೊದಲು ಇಡುವ ಎಲೆ. ಈ ಕೈಯಲ್ಲಿ ನಾನು ಇಸ್ಪೀಟ್ ಆರನ್ನೇ ಇಡುತ್ತೇನೆ, ರಾಜ ಗುಲಾಮದ ಕೆಳಗಿಂದ ಡೈಮಂಡ್ ಆಡಿ ಆಡುವವರ ರಾಣಿಗೆ ಜೀವ ಕೊಡುವುದಿಲ್ಲ. ತುರುಫು ರಾಣಿ, ಗುಲಾಮ, ಹತ್ತು ಅಂತ ಸಾಲಾಗಿದ್ದರೆ ಅದನ್ನೇ ಇಡಿ, ಡಮ್ಮಿಯ (ಆಡುವವರ ಜೊತೆಗಾರರು ಬಿಚ್ಚಿಟ್ಟ ಕೈಯ) ತುರುಫು ಖಾಲಿ ಮಾಡಿಸಿ. ಇನ್ನೊಂದು ಸಂದರ್ಭ ಇದೆ. ಎದುರಾಳಿ ಒಂದರಲ್ಲಿ ಓಪನ್ ಮಾಡಿ, ನೀವು ಟೇಕ್‌ಔಟ್ ಡಬಲ್ (ಪಾರ್ಟ್ನರ್ ತಮ್ಮ ಬಣ್ಣ ಹೇಳಲಿ ಅನ್ನುವ ಡಬಲ್) ಹೇಳಿ, ಪಾರ್ಟ್ನರ್ ಅದನ್ನೇ ಪಾಸ್ ಮಾಡಿ ಪೆನಾಲ್ಟಿಗೆ ಕೂತರೆ, ಮೊದಲ ಎಲೆ ತುರುಫು. ನಿಮ್ಮ ಹತ್ತಿರ ಇರುವುದು ಒಂದೇ ತುರುಫು ಆದರೂ ಅದೇ.