ಯಾವ ತಳಿ ಅಂತ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಅಕ್ಕಿ ತರೋಕೆ ಹೋದರೆ ಸೋನಾ ಮಸೂರಿ ಇದೆಯಾ, ರಾಜಮುಡಿ ಇದೆಯಾ ಅಂತ ಕೇಳುತ್ತೀರಿ. ಮಾವಿನ ಕಾಲದಲ್ಲಿ ಬಾದಾಮಿಯೇ ಬೇಕು, ರಸಪುರಿಯೇ ಬೇಕು. ಆಲೂಗಡ್ಡೆ ಮುಂದೆ ನಿಂತಾಗ ಮಾತ್ರ ‘ಎರಡು ಕೆಜಿ ಹಾಕಪ್ಪಾ’, ಅಷ್ಟೇ. ಯಾವ ತಳಿ ಅಂತ ನೀವೂ ಕೇಳುವುದಿಲ್ಲ, ಮಾರುವವರಿಗೂ ಗೊತ್ತಿರುವುದಿಲ್ಲ. ಇವತ್ತು ನಾನು ಹೇಳುವುದರಲ್ಲಿ ಒಂದೇ ಒಂದು ನೆನಪಿಟ್ಟುಕೊಂಡರೆ ಸಾಕು. ಯಾವ ತಳಿ ಅಂತ ಕೇಳಿ.

ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಪೆರು, ಬೊಲಿವಿಯಾ ಕಡೆ, ಟಿಟಿಕಾಕಾ ಸರೋವರದ ಆಸುಪಾಸು. ಅಲ್ಲಿ ನಾಟಿ ತಳಿಗಳೇ 4000ಕ್ಕೂ ಜಾಸ್ತಿ ಇವೆ. ಕೊಯ್ದರೆ ಒಳಗೂ ನೇರಳೆ ಇರುವ ಗಡ್ಡೆಗಳಿವೆ. ಬಾಯಿಗಿಡಲಾಗದಷ್ಟು ಕಹಿ ಇರುವುದೂ ಇವೆ. ಆ ಕಹಿ ಗಡ್ಡೆಯನ್ನು ರಾತ್ರಿ ಹಿಮಕ್ಕೆ ಹರಡುತ್ತಾರೆ, ಹಗಲು ಕಾಲಲ್ಲಿ ತುಳಿದು ನೀರು ತೆಗೆಯುತ್ತಾರೆ, ಒಣಗಿಸುತ್ತಾರೆ. ‘ಚುನ್ಯೋ’ ಅನ್ನುತ್ತಾರೆ ಅದಕ್ಕೆ. ವರ್ಷಗಟ್ಟಲೆ ಕೆಡುವುದಿಲ್ಲ. ಇನ್ನೊಂದು ತಳಿ ಇದೆ, ಮೈಯೆಲ್ಲಾ ಗಂಟು. ಸೊಸೆಯನ್ನು ಅಳಿಸುವ ಗಡ್ಡೆ ಅಂತ ಹೆಸರು! ಮದುವೆಗೆ ಮುಂಚೆ ಹುಡುಗಿಯ ಕೈಗೆ ಕೊಟ್ಟು ಸಿಪ್ಪೆ ತೆಗೆಸಿ ನೋಡುತ್ತಿದ್ದರಂತೆ. ಅತ್ತೆಯರು ಯಾರಾದರೂ ಕೇಳುತ್ತಿದ್ದರೆ ಇದೊಂದನ್ನು ಮರೆತುಬಿಡಿ.

ಇಷ್ಟೊಂದು ತಳಿ ಯಾಕೆ ಬೇಕು ಅಂತೀರಾ? ಆಲೂಗಡ್ಡೆಗೆ ಗಡ್ಡೆಯೇ ಬೀಜ. ಒಂದು ತಳಿಯ ಗಡ್ಡೆ ಊರೆಲ್ಲಾ ನೆಟ್ಟರೆ, ಊರೆಲ್ಲಾ ಇರುವುದು ಒಂದೇ ಗಿಡ. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬಂತು. ಐರ್ಲೆಂಡಿನ ಬಡವರು ‘ಲಂಪರ್’ ಅನ್ನುವ ಒಂದೇ ತಳಿಯನ್ನು ನಂಬಿ ಕೂತಿದ್ದರು. 1845ರಲ್ಲಿ ಅಂಗಮಾರಿ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದೇ ಅಂಗಮಾರಿ ನಮ್ಮ ಹಾಸನದ ಹೊಲಗಳಲ್ಲೂ ಇದೆ. ಮಳೆಗಾಲದ ಬೆಳೆ ಬೆಳೆಯುವವರಿಗೆ ನಾನು ಹೇಳಬೇಕಾಗಿಲ್ಲ. ಎಲೆ ಕಪ್ಪಾಗಿ ಹೊಲ ನಾರುವ ವಾಸನೆ ನಿಮಗೇ ಗೊತ್ತು. ಇಲ್ಲಿ ಹೆಚ್ಚಾಗಿ ನೆಟ್ಟಿದ್ದು ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದ ತಳಿ. ಮೊದಮೊದಲು ರೋಗವನ್ನು ಚೆನ್ನಾಗಿಯೇ ತಡೆದುಕೊಂಡಿತು. ಆಮೇಲೆ ರೋಗ ತನ್ನ ವರಸೆ ಬದಲಿಸಿತು, ನಾವು ತಳಿ ಬದಲಿಸಲಿಲ್ಲ. ಮಂಡಿಗೆ ಬಂದ ರೈತರನ್ನು ‘ಯಾವ ತಳಿ?’ ಅಂತ ಕೇಳಿದರೆ ‘ಜಲಂಧರ್’ ಅನ್ನುತ್ತಾರೆ. ಸ್ವಾಮಿ, ಅದು ಬೀಜ ಬಂದ ಊರು! ನಾನು ಕೇಳಿದ್ದು ತಳಿ.

ಪೇಟೆಯವರೇನೂ ಕಡಿಮೆಯಿಲ್ಲ. ನನ್ನ ಭಾವಮೈದನ ಕಥೆ ಕೇಳಿ. ಇದ್ದ ನೌಕರಿ ಬಿಟ್ಟು ಚಿಪ್ಸ್ ಅಂಗಡಿ ಇಟ್ಟ. ದೊಡ್ಡ ಬಾಣಲೆ, ಗ್ಯಾಸ್ ಒಲೆ, ಹೋಳು ಮಾಡುವ ಮೆಷಿನ್, ಎಲ್ಲಾ ಬಂತು. ಕೋಲ್ಡ್ ಸ್ಟೋರೇಜಿನ ಗಡ್ಡೆ ಅಗ್ಗಕ್ಕೆ ಸಿಕ್ಕಿತು ಅಂತ ಮೂಟೆಗಟ್ಟಲೆ ತಂದ. ಕರಿದ. ಚಿಪ್ಸ್ ಎಲ್ಲಾ ಕಂದು. ಅಂಚು ಕಪ್ಪು, ಬಾಯಿಗಿಟ್ಟರೆ ಕಹಿ. ಎಣ್ಣೆ ಸರಿಯಿಲ್ಲ ಅಂತ ಪಾಮ್ ಎಣ್ಣೆ ಬಿಟ್ಟು ಕಡಲೆಕಾಯಿ ಎಣ್ಣೆ ತಂದ. ಹಾಗೇ ಆಯಿತು. ಉರಿ ಜಾಸ್ತಿ ಅಂತ ಸಣ್ಣ ಮಾಡಿದ. ಚಿಪ್ಸ್ ಮೆತ್ತಗಾಯಿತು, ಬಣ್ಣ ಮಾತ್ರ ಅದೇ. ಭಟ್ಟರನ್ನು ಬದಲಾಯಿಸಿದ. ಕೊನೆಗೆ ಯಾರೋ ದೃಷ್ಟಿ ಆಗಿದೆ ಅಂದರು, ಬೂದುಗುಂಬಳಕಾಯಿಯೂ ಬಾಗಿಲಿಗೆ ಬಂತು. ಇಷ್ಟೆಲ್ಲಾ ಆದರೂ ಗಡ್ಡೆ ಯಾವುದು ಅಂತ ಒಬ್ಬರೂ ಕೇಳಲಿಲ್ಲ! ಮನೆಯಲ್ಲೇ ನಾನೊಬ್ಬ ಆಲೂಗಡ್ಡೆಯವನು ಇದ್ದೇನೆ, ನನ್ನನ್ನೂ ಕೇಳಲಿಲ್ಲ.

ನಾನು ಒಂದು ದಿನ ಸುಮ್ನೆ ನೋಡೋಣ ಅಂತ ಹೋದೆ. ಪರಿಚಯದ ರೈತರು ಚಿಪ್ಸ್ ಕಂಪನಿಗೆ ಬೆಳೆದಿದ್ದ ಚಿಪ್ಸೋನಾ ಗಡ್ಡೆ ನಾಲ್ಕು ಹಿಡಿದುಕೊಂಡಿದ್ದೆ. ಅದೇ ಎಣ್ಣೆ, ಅದೇ ಉರಿ. ಅವನದೊಂದು ಹೋಳು, ನನ್ನದೊಂದು ಹೋಳು ಒಟ್ಟಿಗೆ ಬಿಟ್ಟೆವು. ಅವನದು ಬೇಯುವ ಮೊದಲೇ ಅಂಚಿನಿಂದ ಕಂದಾಗುತ್ತಾ ಬಂತು. ನನ್ನದು ತಿಳಿ ಹಳದಿಯಾಗಿ ತೇಲಿತು. ಭಟ್ಟರು ನನ್ನನ್ನು ಮಂತ್ರವಾದಿಯ ಹಾಗೆ ನೋಡಿದರು.

ಮಂತ್ರ ಏನೂ ಇಲ್ಲ. ಗಡ್ಡೆಯನ್ನು 2ರಿಂದ 4 ಡಿಗ್ರಿ ಚಳಿಯಲ್ಲಿಟ್ಟರೆ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಇರುವ ಹೋಳು ಬಿಸಿ ಎಣ್ಣೆಗೆ ಬಿದ್ದರೆ ಕಂದಾಗುತ್ತದೆ. ಸಾಂಬಾರಿಗೆ ಪರವಾಗಿಲ್ಲ, ಚಿಪ್ಸಿಗೆ ಆಗುವುದಿಲ್ಲ. ಕುಫ್ರಿ ಚಿಪ್ಸೋನಾ ತಳಿಗಳನ್ನು ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು 1998ರಲ್ಲಿ ಕೊಟ್ಟಿದ್ದೇ ಇದಕ್ಕೆ. ನೀರು ಕಡಿಮೆ, ಸಕ್ಕರೆ ಕಡಿಮೆ. ಅದನ್ನೂ ಅಷ್ಟು ಚಳಿಯಲ್ಲಿಡಬಾರದು, 10ರಿಂದ 12 ಡಿಗ್ರಿ ಸಾಕು. ಭಾವಮೈದ ಈಗ ಗಡ್ಡೆ ಕೊಳ್ಳುವಾಗ ಮೊದಲು ಏನು ಕೇಳುತ್ತಾನೆ ಅಂತ ನಿಮಗೆ ಗೊತ್ತಾಯಿತಲ್ಲ.

ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಇಂಧನದ ಮಾತು ಬೇಗ ಹೇಳಿಬಿಡುತ್ತೇನೆ. ಚಿಪ್ಸಿಗೆ ಬೇಡವಾದ ಸಕ್ಕರೆಯೇ ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡುವವರಿಗೆ ಬೇಕು. ಪಿಷ್ಟವನ್ನು ಸಕ್ಕರೆ ಮಾಡಿ, ಯೀಸ್ಟ್ ಹಾಕಿ ಹುಳಿಸಿದರೆ ಎಥನಾಲ್. ಪಿಷ್ಟ ಚೆನ್ನಾಗಿರುವ ಒಂದು ಟನ್ ಗಡ್ಡೆಗೆ ಸುಮಾರು 100 ಲೀಟರ್ ಸಿಗುತ್ತದೆ. ಇಲ್ಲಿಯೂ ತಳಿಯದ್ದೇ ಮಾತು, ನೀರು ತುಂಬಿದ ಗಡ್ಡೆಯಿಂದ ಏನು ಬರುತ್ತೆ? ನೆದರ್ಲೆಂಡ್ಸ್‌ನಲ್ಲಿ ಪಿಷ್ಟಕ್ಕೆ ಅಂತಲೇ ಬೇರೆ ತಳಿ ಬೆಳೆಯುತ್ತಾರೆ. ಹಾಗಂತ ಊಟದ ಗಡ್ಡೆಯನ್ನು ಟ್ಯಾಂಕಿಗೆ ಸುರಿಯಿರಿ ಅಂತ ನಾನು ಹೇಳುತ್ತಿಲ್ಲ. ಕೊಳೆತ ಗಡ್ಡೆಯಿಂದ ಎಥನಾಲ್ ಮಾಡಬಹುದು ಅಂತ 2018ರ ನಮ್ಮ ಜೈವಿಕ ಇಂಧನ ನೀತಿಯಲ್ಲೇ ಇದೆ. ದರ ಬಿದ್ದಾಗ ರಸ್ತೆ ಬದಿ ಕೊಳೆಯುತ್ತಲ್ಲ, ಅದು. ಚಿಪ್ಸ್ ಫ್ಯಾಕ್ಟರಿಯ ಸಿಪ್ಪೆಯಿಂದ ಬಯೋಗ್ಯಾಸ್ ಬರುತ್ತದೆ.

ಮಕ್ಕಳಿಗೆ ಒಂದು ಮಾತು. ವಿಜ್ಞಾನ ಪ್ರದರ್ಶನಕ್ಕೆ ಆಲೂಗಡ್ಡೆಗೆ ತಾಮ್ರ, ಸತು ಚುಚ್ಚಿ ಬಲ್ಬ್ ಹೊತ್ತಿಸುತ್ತೀರಲ್ಲ, ಹಸಿ ಗಡ್ಡೆ ಬೇಡ, ಬೇಯಿಸಿದ್ದು ತಗೊಳ್ಳಿ. ಶಕ್ತಿ ಸುಮಾರು ಹತ್ತು ಪಟ್ಟು ಜಾಸ್ತಿ ಅಂತ 2010ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ.

ರೈತರೇ, ಮೇ ತಿಂಗಳಲ್ಲಿ ಬಿತ್ತನೆ ಗಡ್ಡೆಗೆ ದುಡ್ಡು ಎಣಿಸುವ ಮೊದಲು ಚೀಟಿ ಕೇಳಿ, ಚೀಟಿಯಲ್ಲಿ ತಳಿಯ ಹೆಸರು ನೋಡಿ. ಅಂಗಮಾರಿ ತಡೆಯುವ ಕುಫ್ರಿ ಹಿಮಾಲಿನಿ ಸಿಕ್ಕರೆ ಒಂದು ಮೂಲೆಯಲ್ಲಾದರೂ ನೆಟ್ಟು ನೋಡಿ. ಬಿತ್ತನೆ ಗಡ್ಡೆ ಹೋಳು ಮಾಡುವಾಗ ಕುಡುಗೋಲು ಶುದ್ಧ ಮಾಡುವ ವಿಷಯ ಉಳಿದುಹೋಯಿತು, ಇನ್ನೊಮ್ಮೆ ಕರೆದರೆ ಅಲ್ಲಿಂದಲೇ ಶುರು ಮಾಡುತ್ತೇನೆ. ನಮಸ್ಕಾರ.