ಭಾನುವಾರ ಸಂತೆ ಕೂಡಬಾರದು!

ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನಲ್ಲಿ ಹಿಂದೆ ಎಷ್ಟೋ ಊರುಗಳ ಸಂತೆ ಭಾನುವಾರವೇ ಕೂಡುತ್ತಿತ್ತು. ಜನ ಹೇಗೂ ಚರ್ಚಿಗೆ ಬರುವ ದಿನ, ಅದರ ಅಂಗಳದಲ್ಲೇ ಅಂಗಡಿ. 1285ರ ಕಾನೂನು ವ್ಯಾಪಾರಿಗಳನ್ನು ಆ ಅಂಗಳದಿಂದ ಆಚೆ ಕಳಿಸಿತು. ಆರನೇ ಹೆನ್ರಿಯ ಕಾಲದ 1448ರ ಶಾಸನ ದಿನಕ್ಕೇ ಕೈಹಾಕಿತು.

ಭಾನುವಾರ, ಗುಡ್ ಫ್ರೈಡೇ ಮತ್ತು ಕೆಲವು ದೊಡ್ಡ ಹಬ್ಬಗಳಂದು ಸಂತೆ, ಜಾತ್ರೆಗಳಲ್ಲಿ ಸರಕು ಹರಡುವಂತಿಲ್ಲ. ಹರಡಿದರೆ ಅಷ್ಟೂ ಮುಟ್ಟುಗೋಲು, ಅದು ಸೇರುವುದು ಸಂತೆಯ ಹಕ್ಕುಳ್ಳ ಒಡೆಯನಿಗೆ. ಅಗತ್ಯದ ಆಹಾರಕ್ಕೆ ವಿನಾಯಿತಿ ಇತ್ತು, ಸುಗ್ಗಿಯ ನಾಲ್ಕು ಭಾನುವಾರಗಳಿಗೂ ಇತ್ತು. ಹಬ್ಬದ ದಿನಕ್ಕೆಂದೇ ಸನ್ನದು ಪಡೆದಿದ್ದವರು ಮೊದಲು ಡಂಗುರ ಸಾರಿಸಿ, ಮೂರು ದಿನ ಹಿಂದೆಯೋ ಮುಂದೆಯೋ ಜಾತ್ರೆ ನಡೆಸಬಹುದಿತ್ತು. ತೊಡಕು ಎಲ್ಲಿ ಅಂದರೆ, ಸುಂಕ ಎತ್ತುವವನೂ ಆ ಒಡೆಯನೇ, ಸರಕು ಹಿಡಿಯಬೇಕಾದವನೂ ಅವನೇ. ಸುಂಕ ಕೊಡುವವನನ್ನು ಯಾರು ತಾನೇ ಓಡಿಸಿಯಾರು?

1677ರ ಕಾಯ್ದೆ ಇನ್ನೂ ಬಿಗಿ. ಭಾನುವಾರ ತನ್ನ ಕಸುಬು ಮಾಡಿದವನಿಗೆ 5 ಷಿಲಿಂಗ್ ದಂಡ, ಮಾರಾಟಕ್ಕಿಟ್ಟ ಮಾಲು ಜಪ್ತಿ. ದಂಡ ಕಟ್ಟಲಾಗದವನ ಕಾಲಿಗೆ ಊರೆದುರು 2 ಗಂಟೆ ಮರದ ಕೋಳ. ದನ ಹೊಡೆದುಕೊಂಡು ದಾರಿ ಹಿಡಿದ ವ್ಯಾಪಾರಿಗೆ 20 ಷಿಲಿಂಗ್. ಆಪಾದನೆ 10 ದಿನದೊಳಗೆ ಬರಬೇಕು. ಹಾಲನ್ನು ಬೆಳಗ್ಗೆ 9ಕ್ಕೆ ಮೊದಲು, ಸಂಜೆ 4ರ ನಂತರ ಮಾರಬಹುದು. ಬಂಗುಡೆ ಜಾತಿಯ ಮೀನು ಸೋಮವಾರದ ತನಕ ತಾಳುವುದಿಲ್ಲವಲ್ಲ, ಅದಕ್ಕೆ 1698ರಲ್ಲಿ ಪ್ರಾರ್ಥನೆಗೆ ಮುಂಚೆ ಮತ್ತು ಆಮೇಲೆ ಮಾರಲು ಬಿಟ್ಟರು.

ಕಾಯ್ದೆ ಸಡಿಲವಾದದ್ದು ಕೋರ್ಟಿನಲ್ಲಿ. ವೆಸ್ಟ್‌ಮಿನ್‌ಸ್ಟರಿನ ಕ್ರೆಪ್ಸ್ ಎಂಬ ಬೇಕರಿಯವನು ಒಂದೇ ಭಾನುವಾರ ಬಿಸಿ ಬ್ರೆಡ್ ಮಾರಿದ್ದಕ್ಕೆ ನಾಲ್ಕು ಸಲ ದಂಡ ಬಿತ್ತು. 1777ರಲ್ಲಿ ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡ್ ಒಪ್ಪಲಿಲ್ಲ: ದರ್ಜಿ ಭಾನುವಾರ ಹೊಲಿದರೆ ಒಂದೊಂದು ಹೊಲಿಗೆಯೂ ಒಂದೊಂದು ಅಪರಾಧವೇ? ದಿನಕ್ಕೆ ಒಂದೇ ಅಪರಾಧ, ಒಂದೇ ದಂಡ. ಹಾಗಾದ ಮೇಲೆ ನಾಲ್ಕು ಗಿರಾಕಿಯೇನು, ನಲವತ್ತೇನು, 5 ಷಿಲಿಂಗೇ!

ಕುದುರೆ ವ್ಯಾಪಾರದ ತೀರ್ಪುಗಳು ಇನ್ನೂ ಸ್ವಾರಸ್ಯ. ಬ್ಯಾಂಕಿನವನು ತನ್ನ ಕುದುರೆಯನ್ನು ಭಾನುವಾರ ಮಾರಿದರೆ ಊರ್ಜಿತ, ಅದು ಅವನ ಕಸುಬಲ್ಲ ಎಂದಿತು 1808ರ ತೀರ್ಪು. ಕುದುರೆ ವ್ಯಾಪಾರಿಯೇ ಭಾನುವಾರ ಕೊಂಡು, ಕುದುರೆ ಸರಿಯಿಲ್ಲವೆಂದು ದಾವೆ ಹೂಡಿದರೆ 1826ರಲ್ಲಿ ಅದು ನಿಲ್ಲಲಿಲ್ಲ. ದಂಡಕ್ಕಿಂತ ಇದೇ ದೊಡ್ಡ ಪೆಟ್ಟು.

1871ರಿಂದ ಪೊಲೀಸ್ ಮುಖ್ಯಸ್ಥರ ಅಥವಾ ಮ್ಯಾಜಿಸ್ಟ್ರೇಟರ ಲಿಖಿತ ಒಪ್ಪಿಗೆಯಿಲ್ಲದೆ ಮೊಕದ್ದಮೆ ಹೂಡುವಂತಿರಲಿಲ್ಲ. 1448ರದ್ದು, 1677ರದ್ದು ಎರಡೂ ರದ್ದಾದದ್ದು 1969ರಲ್ಲಿ.